ಹಲಗೆಯ ಮೇಲೆ ಕೂರುವ ಹಕ್ಕಿ

ಮರ್ಫಿ ಟೌನಿನ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿರುವ ಹಕ್ಕಿಗೂಡನ್ನು ವೆಲ್ಡ್ ಮಾಡಿದ್ದು ನಾನೇ. ಮನುಷ್ಯ ಒಳಗೆ ನಿಂತು ಎರಡೂ ಕೈ ಚಾಚಬಹುದು, ಅಷ್ಟು ದೊಡ್ಡದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹಲಸೂರಿನ ವೆಲ್ಡಿಂಗ್ ಅಂಗಡಿಯೊಂದಕ್ಕೆ ಸೇರಿದವನು ನಾನು. ಇಂದಿರಾನಗರದ ಎಷ್ಟೋ ಮನೆಗಳ ಗೇಟು ನನ್ನ ಕೈಯಿಂದ ಆದವು. ಆ ಗೇಟುಗಳನ್ನು ತೆಗೆದು ಒಳಗೆ ಹೋಗುವವರು ಬೇರೆಯವರು. ಈ ಗೂಡಿನ ಬಾಗಿಲು ಮಾತ್ರ ನಾನು ತೆಗೆಯುವುದಕ್ಕೆಂದು ಮಾಡಿಕೊಂಡದ್ದು.

ಒಳಗಿದ್ದವು ಫಿಂಚುಗಳು. ಹಿಡಿಯೊಳಗೆ ಮುಚ್ಚಿಹೋಗುವಷ್ಟು ಸಣ್ಣ, ಕೆಂಪು ಕೊಕ್ಕಿನ ಹಕ್ಕಿಗಳು. ಅವುಗಳಲ್ಲೊಂದು ಬಿಳಿ ಹೆಣ್ಣು. ಶಿವಾಜಿನಗರದ ಹಕ್ಕಿ ಅಂಗಡಿಯ ಭಾಯ್ ಅದನ್ನು ಕೊಡುವಾಗಲೇ, "ಇದು ಮೊಟ್ಟೆ ಇಡ್ತದೆ, ಕಾವಿಗೆ ಕೂರಲ್ಲ. ನೋಡೋಕೆ ಚೆಂದ ಅಂತ ಇಟ್ಕೊಳ್ಳಿ, ಅಷ್ಟೇ" ಅಂದಿದ್ದರು. ಆಗುವುದಿಲ್ಲ ಎಂಬ ಮಾತು ನನಗೆ ಮೊದಲಿನಿಂದಲೂ ಸೇರುವುದಿಲ್ಲ. ಮೊಟ್ಟೆ ಇಡಲೆಂದು ಗೂಡಿನಲ್ಲಿ ಕಟ್ಟಿದ್ದ ಮಡಿಕೆಯ ಜಾಗ ಬದಲಾಯಿಸಿದೆ. ತೆಂಗಿನ ನಾರನ್ನು ಬಿಡಿಸಿ ಬಿಡಿಸಿ ಮೆತ್ತಗೆ ಮಾಡಿ ಕೊಟ್ಟೆ. ಕಬ್ಬಿಣ ಉಜ್ಜುವ ಗ್ರೈಂಡರಿನ ಸದ್ದಿಗೆ ಅದು ಬೆಚ್ಚುತ್ತದೆಂದು ತಾರಸಿಯಲ್ಲಿ ಮಾಡುತ್ತಿದ್ದ ಸಣ್ಣಪುಟ್ಟ ಕೆಲಸವನ್ನೆಲ್ಲ ಬೀದಿಗಿಳಿಸಿದೆ. ಎಷ್ಟೋ ಸಲ ಮೊಟ್ಟೆಗಳು ತಣ್ಣಗಾದ ಮೇಲೆ ಕೊನೆಗೊಮ್ಮೆ ಅದು ಕೂತಿತು. ಮರಿಗಳಾದವು. ಮಡಿಕೆಯೊಳಗಿಂದ ಆ ಕಿಚಿಕಿಚಿ ಕೇಳಿದ ದಿನ ನಾನು ಕೆಲಸಕ್ಕೆ ತಡವಾಗಿ ಹೋದೆ, ಯಾರಿಗೂ ಕಾರಣ ಹೇಳಲಿಲ್ಲ.

ಅದೇ ಸಮಯಕ್ಕೆ ನನ್ನ ಹೆಂಡತಿಯ ಅಣ್ಣ ನಮ್ಮ ಮನೆಗೆ ಬಂದರು. ಆಟೋ ಓಡಿಸುವವರು. ಕೆ.ಆರ್. ಪುರದ ಅವರ ಬಾಡಿಗೆ ಮನೆಯನ್ನು ಓನರು ಕೆಡವಿ ಕಟ್ಟಿಸುತ್ತಿದ್ದರು, ಬೇರೆ ಮನೆ ಸಿಗುವವರೆಗೆ ಸಂಸಾರ ಸಮೇತ ನಮ್ಮಲ್ಲೇ. ಜೊತೆಗೆ ಒಂದು ಜೋಡಿ ಆಫ್ರಿಕನ್ ಲವ್ ಬರ್ಡ್ಸ್, ಒಂದು ಸಣ್ಣ ತುಕ್ಕು ಗೂಡಿನಲ್ಲಿ. ಗಿಳಿಯ ಜಾತಿಯ ಹಕ್ಕಿಗಳು: ಹಸಿರು ಮೈ, ಕಿತ್ತಳೆ ಮುಖ, ಬೇವಿನ ಕಡ್ಡಿಯನ್ನು ಸಿಪ್ಪೆ ಸಿಪ್ಪೆಯಾಗಿ ಸೀಳುವ ಕೊಕ್ಕು.

"ಭಾವ, ಇವನ್ನ ನನ್ನ ಗೂಡಿಗೆ ಮಾತ್ರ ಬಿಡಬೇಡಿ. ನನ್ನ ಹಕ್ಕಿಗಳ ಕಾಲು ಕಡ್ಡಿ ಥರ ಇದಾವೆ, ಕತ್ತರಿಸಿಬಿಡ್ತವೆ" ಎಂದು ಬಂದ ದಿನವೇ ಹೇಳಿದೆ.

ಅವರು ನಕ್ಕರು. "ಏನ್ ಗುರು, ಎರಡು ರೂಮಲ್ಲಿ ಎರಡು ಸಂಸಾರ ಮಲಗ್ತಿದೀವಿ. ನಮಗಿಲ್ಲದ ತಕರಾರು ಹಕ್ಕಿಗೇನು?"

ನಮ್ಮ ಓಣಿಯಲ್ಲಿ ಅಡ್ಜಸ್ಟ್ ಮಾಡಿಕೊಳ್ಳಿ ಅಂದರೆ ಯಾರೂ ಆಗಲ್ಲ ಅನ್ನುವುದಿಲ್ಲ. ನಲ್ಲಿಯ ಮುಂದೆ, ಬಸ್ಸಿನ ಸೀಟಿನಲ್ಲಿ, ಬಟ್ಟೆ ಒಣಗಿಸುವ ತಂತಿಯ ಮೇಲೆ, ಎಲ್ಲಾ ಕಡೆ ಅದೇ. ಆ ನಿಯಮವನ್ನು ಅವರು ಹಕ್ಕಿಗಳಿಗೂ ಹಾಕಿದರು.

ನಾನು ರೇಲಿಂಗ್ ಕೂರಿಸುವ ಕೆಲಸಕ್ಕೆ ಹೋಗಿದ್ದ ದಿನ ಗೂಡಿನ ಬಾಗಿಲು ತೆಗೆದು ಆ ಜೋಡಿಯನ್ನು ಒಳಗೆ ಬಿಟ್ಟರು. ಸಂಜೆ ಮೆಟ್ಟಿಲು ಹತ್ತುವಾಗ ಮೇಲಿಂದ ಸದ್ದೇ ಇರಲಿಲ್ಲ. ಮಡಿಕೆಯ ಬಾಯಿಂದ ಒಂದು ಕಿತ್ತಳೆ ಮುಖ ಹೊರಗೆ ನೋಡುತ್ತಿತ್ತು. ಮರಿಗಳು ಕೆಳಗೆ ಹಾಸಿದ್ದ ಪೇಪರಿನ ಮೇಲೆ ಸತ್ತು ಬಿದ್ದಿದ್ದವು. ಉಳಿದ ಫಿಂಚುಗಳು ಜಾಲರಿಯ ಮೇಲ್ತುದಿಯಲ್ಲಿ ಮುದುರಿ ಕೂತಿದ್ದವು. ಬಿಳಿ ಹೆಣ್ಣು ಮೂಲೆಯಲ್ಲಿ ರೆಕ್ಕೆ ಹರಡಿಕೊಂಡು ನೆಲ ಕಚ್ಚಿತ್ತು. ಅದರ ಎರಡೂ ಕಾಲುಗಳಲ್ಲಿ ಬೆರಳುಗಳಿರಲಿಲ್ಲ.

ಟವೆಲ್ ಹಾಕಿ ಆ ಲವ್ ಬರ್ಡ್ಸ್ ಎರಡನ್ನೂ ಹಿಡಿದೆ. ಹೆಬ್ಬೆರಳಿಗೆ ರಕ್ತ ಬರುವ ಹಾಗೆ ಕಚ್ಚಿದವು. ಕತ್ತು ತಿರುಚಲಿಲ್ಲ, ಅವುಗಳ ಗೂಡಿಗೇ ಹಾಕಿದೆ. ಹಕ್ಕಿಯ ಮೇಲೆ ನನಗೆ ಸಿಟ್ಟಿರಲಿಲ್ಲ.

ಕೆಳಗೆ ಭಾವ ಟೀ ಕುಡಿಯುತ್ತಿದ್ದರು. "ಪಾಪ, ಸಣ್ಣ ಗೂಡಲ್ಲಿ ಒದ್ದಾಡ್ತಿದ್ವು. ಅಡ್ಜಸ್ಟ್ ಮಾಡ್ಕೋತವೆ ಅಂದ್ಕೊಂಡೆ" ಅಂದರು. ಆಮೇಲೆ, "ಫಿಂಚು ತಾನೆ ಗುರು? ಶಿವಾಜಿನಗರದಲ್ಲಿ ಬುಟ್ಟಿಗಟ್ಟಲೆ ಸಿಗ್ತವೆ."

ಮೇಲೆ ಹೋಗಿ ನೋಡಲೂ ಇಲ್ಲ. ಅವತ್ತಷ್ಟೇ ಅಲ್ಲ, ಅವರು ನಮ್ಮ ಮನೆಯಲ್ಲಿದ್ದಷ್ಟು ದಿನವೂ ಇಲ್ಲ. ಅವತ್ತೇ ಕೂಗಾಡಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಮುಗಿಯುವುದು ನನಗೆ ಬೇಕಿರಲಿಲ್ಲ. ಈ ಮನುಷ್ಯ ಒಂದಲ್ಲ ಒಂದು ದಿನ ತಾನಾಗಿ ಮೆಟ್ಟಿಲು ಹತ್ತಿ ಬಂದು ನನ್ನ ಹಕ್ಕಿಯ ಕಾಲು ನೋಡಬೇಕು ಎಂದು ಮನಸ್ಸಿನಲ್ಲಿ ಕಟ್ಟಿಕೊಂಡೆ.

ಬಿಳಿ ಹೆಣ್ಣು ಬದುಕಿತು. ಕೊಂಬೆ ಹಿಡಿಯಲು ಬೆರಳಿಲ್ಲದ್ದರಿಂದ ಹಾರಿ ಕೂತ ಕಡೆಯಿಂದೆಲ್ಲ ಜಾರಿ ಬೀಳುತ್ತಿತ್ತು. ಹಳೆಯ ಬಾಗಿಲಿನ ಮರದಿಂದ ಚಪ್ಪಟೆ ಹಲಗೆಯೊಂದನ್ನು ಉಜ್ಜಿ ಗೂಡಿನೊಳಗೆ ಗೋಡೆಯ ಪಕ್ಕ ಕೂರಿಸಿದೆ. ಅದರ ಮೇಲೆ ಹೊಟ್ಟೆ ಊರಿ ಕೂರುವುದನ್ನು ಕಲಿಯಿತು. ಮತ್ತೆ ಮೊಟ್ಟೆ ಇಡಲಿಲ್ಲ.

ಭಾವನಿಗೆ ಲಿಂಗರಾಜಪುರದಲ್ಲಿ ಮನೆ ಸಿಕ್ಕಿತು. ಹಾಲುಕ್ಕಿಸಿದ ದಿನ ನಾನೇ ದೊಡ್ಡ ಗೂಡೊಂದನ್ನು ಮಾಡಿ ಕೊಂಡೊಯ್ದೆ. ಬಂದವರೆಲ್ಲ ಹೊಗಳಿದರು. ಹೆಂಡತಿಗೆ ಖುಷಿಯಾಯಿತು, ಗಂಡ ಎಲ್ಲಾ ಮರೆತನೆಂದು. ಹೊಸ ಮನೆಗೆ ಶೋಭೆಯೆಂದು ಭಾವ ಒಂದು ಕಾಕಟೀಲ್ ತಂದರು, ತಲೆಯ ಮೇಲೆ ಜುಟ್ಟಿರುವ ಬೂದು ಹಕ್ಕಿ, ಬಹಳ ಸಾಧು. ಭಾವ ಅದಕ್ಕೆ ಸಿಳ್ಳೆ ಕಲಿಸಿದರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಟೋ ಸ್ಟ್ಯಾಂಡಿನವರಿಗೆಲ್ಲ ಕೇಳಿಸುತ್ತಿದ್ದರು. ನಾನು ಕಾಯುತ್ತಿದ್ದೆ.

ಒಂದು ಭಾನುವಾರ ಫೋನ್ ಬಂತು. "ಗುರು, ನಿನ್ನ ಗೂಡು ಅರಮನೆ ಥರ ಇದೆ. ಇದನ್ನೂ ಆ ಜೋಡಿ ಜೊತೆ ಬಿಟ್ಬಿಡ್ಲಾ? ಇದು ಅವಕ್ಕಿಂತ ದೊಡ್ಡದಲ್ವಾ, ಏನೂ ಆಗಲ್ಲ ಅಲ್ವಾ?"

"ಬಿಡಿ ಭಾವ" ಅಂದೆ. "ಅಡ್ಜಸ್ಟ್ ಮಾಡ್ಕೋತವೆ."

ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಡತಿಯ ಕೈ ನಿಂತಿತು. "ಆ ಹಕ್ಕಿ ಏನ್ರೀ ಮಾಡಿತ್ತು?" ಅಂದಳು.

"ನನ್ನದು ಏನ್ ಮಾಡಿತ್ತು?" ಅಂದೆ. ಅವಳು ಮತ್ತೆ ಅಕ್ಕಿಗೆ ಕೈ ಹಾಕಿದಳು. ಅಣ್ಣನಿಗೆ ಫೋನ್ ಮಾಡಿ ತಡೆಯಬಹುದಿತ್ತು, ಅದನ್ನು ಮಾಡಲಿಲ್ಲ. ಅವತ್ತು ಮರಿಗಳು ಸತ್ತು ಬಿದ್ದಿದ್ದ ಪೇಪರನ್ನು ಮಡಚಿ ಎತ್ತಿದ್ದು ಅವಳೇ.

ವಾರ ಕಳೆಯುವ ಮೊದಲೇ ಭಾವ ನಮ್ಮ ಮನೆ ಮುಂದೆ ಆಟೋ ನಿಲ್ಲಿಸಿದರು. ಕೈಯಲ್ಲಿ ಚಪ್ಪಲಿ ಡಬ್ಬ, ಒಳಗೆ ಕಾಕಟೀಲ್. ಒಂದು ಕಾಲಿನ ಬೆರಳುಗಳು ಹೋಗಿದ್ದವು. ಸಿಳ್ಳೆ ನಿಂತುಹೋಗಿತ್ತು.

"ಕಡ್ಡಿ ಮೇಲೆ ನಿಲ್ತಾನೇ ಇಲ್ಲ" ಅಂದರು. "ನಿನ್ನ ಹಕ್ಕಿಗೆ ಏನೋ ಹಲಗೆ ಮಾಡಿದೀಯಂತಲ್ಲ."

"ಮೇಲಿದೆ. ಹೋಗಿ ನೋಡಿ" ಅಂದೆ.

ಅವರು ಹತ್ತಿದರು, ನಾನು ಹಿಂದೆ. ಬಿಳಿ ಹೆಣ್ಣು ಹಲಗೆಯಿಂದ ಹಾರಿ ಕಾಳಿನ ಬಟ್ಟಲಿನ ಅಂಚಿಗೆ ಬಂತು, ಜಾರಿತು, ಮತ್ತೆ ಹಾರಿ ಹಲಗೆ ಸೇರಿತು. ಭಾವ ಡಬ್ಬವನ್ನು ಎದೆಗೆ ಒತ್ತಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟು ಆಗಿತ್ತಾ ಗುರು" ಅಂದರು.

ನಾನು ಕಾದಿದ್ದು ಆ ಮಾತಿಗೆ.

"ನಂದಕ್ಕೂ ಒಂದು ಮಾಡಿಕೊಡ್ತೀಯಾ?"

"ನೋಡಿದ್ರಲ್ಲ ಭಾವ. ನೀವೇ ಮಾಡ್ಕೊಳ್ಳಿ."

ಅವರು ಜಾಲರಿಯ ಸಂದಿಯಿಂದ ಬೆರಳು ತೂರಿಸಿ ಹಲಗೆಯ ಅಗಲವನ್ನು ಅಳೆಯತೊಡಗಿದರು. ಬಿಳಿ ಹೆಣ್ಣು ಹೆದರಿ ಗೋಡೆಗೆ ಒತ್ತಿಕೊಂಡಿತು. "ಕೈ ತೆಗೀರಿ" ಅಂದೆ. ತೆಗೆದರು.