ಸವಡಿಯ ಮುಳುಗಿದ ಗಾಡಿ

ಮೂರು ವರ್ಷಗಳ ಹಿಂದೆ, ಯುಗಾದಿ ಕಳೆದು ಬಿಸಿಲು ಏರತೊಡಗಿದ್ದ ದಿನಗಳಲ್ಲಿ ಈ ಪ್ರಕರಣ ನನ್ನ ಬಳಿಗೆ ಬಂದಿತು. ನರಗುಂದದಲ್ಲಿ ಮೂವತ್ತೊಂದು ವರ್ಷ ನಡೆಸಿದ ಗ್ಯಾರೇಜಿನ ಶಟರನ್ನು ಕೊನೆಯ ಬಾರಿಗೆ ಇಳಿಸಿ ಆಗ ಎರಡು ವರ್ಷವಾಗಿತ್ತು. ಸ್ಪ್ಯಾನರ್ ಬಿಗಿಯುವ ಶಕ್ತಿ ಬೆರಳುಗಳಲ್ಲಿ ಉಳಿದಿರಲಿಲ್ಲ. ನೋಡುವ ಕಣ್ಣು ಮಾತ್ರ ಉಳಿದಿತ್ತು. ಆದ್ದರಿಂದ, ಹಳೆಯ ಕಾರು ಕೊಳ್ಳುವವರ ಪರವಾಗಿ ಗಾಡಿ ಪರೀಕ್ಷಿಸಿ, ನಾಲ್ಕು ಪುಟದ ವರದಿಯನ್ನು ಕೈಬರಹದಲ್ಲಿ ಬರೆದುಕೊಡುವ ಹುದ್ದೆಗೆ ನನ್ನನ್ನು ನಾನೇ ನೇಮಿಸಿಕೊಂಡಿದ್ದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಕಂಪನಿಗಳ ವರ್ಕ್‌ಶಾಪ್ ಮ್ಯಾನುಯಲ್‌ಗಳನ್ನು ನಿಘಂಟು ಮಗ್ಗುಲಲ್ಲಿಟ್ಟುಕೊಂಡು ಓದಿ ಇಂಗ್ಲಿಷನ್ನೂ ಎಂಜಿನ್ನನ್ನೂ ಒಟ್ಟಿಗೆ ಕಲಿತೆ. ಹಾಗೆ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಪುಸ್ತಕ ಹೇಳಿದರೂ, ಹಿರಿಯರು ಹೇಳಿದರೂ, ಬಿಚ್ಚಿ ನೋಡುವವರೆಗೆ ನಂಬುವುದಿಲ್ಲ. ಆ ಚಟದ ಬಗ್ಗೆ ನನಗೆ ಅಭಿಮಾನವಿತ್ತು. ಎಷ್ಟಿರಬೇಕೋ ಅದಕ್ಕಿಂತ ತುಸು ಹೆಚ್ಚೇ ಇತ್ತು ಎಂಬುದು ಈ ಪ್ರಕರಣದಲ್ಲಿ ತಿಳಿಯಿತು.

ಬಂದವಳು ಗಜೇಂದ್ರಗಡದ ರೇಣುಕಾ, ಇಪ್ಪತ್ತಾರರ ಹುಡುಗಿ, ಫಿಜಿಯೊಥೆರಪಿಸ್ಟ್. ಪಾರ್ಶ್ವವಾಯು ಬಡಿದವರಿಗೆ, ಮೂಳೆ ಮುರಿದು ಕೂಡಿದವರಿಗೆ ವ್ಯಾಯಾಮ ಮಾಡಿಸಿ ಮತ್ತೆ ನಡೆಯುವಂತೆ ಮಾಡುವುದು ಅವಳ ವೃತ್ತಿ. ಒಂದು ಖಾಸಗಿ ದವಾಖಾನೆಯವರು ಅವಳನ್ನು ಸುತ್ತಲಿನ ಹಳ್ಳಿಗಳ ಮನೆಭೇಟಿ ಕೆಲಸಕ್ಕೆ ಆಯ್ಕೆ ಮಾಡಿದ್ದರು. ಷರತ್ತು ಒಂದೇ: ಮಡಚುವ ಚಿಕಿತ್ಸಾ ಮೇಜು ಮತ್ತು ಎರಡು ಯಂತ್ರಗಳನ್ನು ಒಯ್ಯಲು ಸ್ವಂತ ನಾಲ್ಕು ಚಕ್ರದ ಗಾಡಿ ಬೇಕು, ಅದೂ ಬರುವ ತಿಂಗಳ ಒಂದನೆಯ ತಾರೀಖಿನೊಳಗೆ. ತಪ್ಪಿದರೆ ಕೆಲಸ ಇನ್ನೊಬ್ಬರಿಗೆ. ಉಳಿದಿದ್ದುದು ಹತ್ತೊಂಬತ್ತು ದಿನ.

"ಕೆಲಸ ಹೋದ್ರ ಇನ್ನೊಂದ ಸಿಗತೈತಿ ಕಾಕಾರ," ಎಂದಳು ಅವಳು. "ಆದ್ರ ಪುರ್ತಗೇರಿಯೊಳಗ ಒಬ್ಬಾಕಿ ಅದಾಳ್ರಿ, ನನ್ನ ತಾಯಿ ವಯಸ್ಸಿನಾಕಿ. ಬಲಗೈ ಎತ್ತಾಕ ಸುರು ಮಾಡಿದ್ಳು. ಬಸ್ ಹತ್ತಿ ಬರಾಕ ಆಗ್ವಲ್ದು ಅಂತ ಬಿಟ್ಟಬಿಟ್ಲು. ಇನ್ನ ಎರಡ ತಿಂಗಳ ತಡಾ ಆದ್ರ ಆ ಕೈ ಹಂಗ ಉಳೀತೈತಿ."

ಹುಬ್ಬಳ್ಳಿಯ ಷೋರೂಮಿಗೆ ಹೋಗಿ ಹೊಸ ಗಾಡಿಗಳನ್ನು ಅವಳು ಆಗಲೇ ನೋಡಿ ಬಂದಿದ್ದಳು. ಅವಳ ಕೈಗೆಟುಕುವ ಹೊಸ ಗಾಡಿಯಲ್ಲಿ ಮೇಜು ಹಿಡಿಯುವುದಿಲ್ಲ. ಮೇಜು ಹಿಡಿಯುವ ಹೊಸ ಗಾಡಿ ಅವಳ ಕೈಗೆಟುಕುವುದಿಲ್ಲ. ಮೇಜಿನ ಉದ್ದ, ಅಗಲ, ದಪ್ಪಕ್ಕೆ ಮೂರು ಗಂಟು ಹಾಕಿದ ಹುರಿಯೊಂದು ಅವಳ ಚೀಲದಲ್ಲಿತ್ತು. ಆ ಹುರಿ ನೋಡಿ ನಾನು ಕೆಲಸ ಒಪ್ಪಿಕೊಂಡೆ. ಬಣ್ಣ ನೋಡಿ ಗಾಡಿ ಆರಿಸುವವರ ನಡುವೆ, ಅಳತೆ ಹಿಡಿದು ಬಂದವರು ಅಪರೂಪ.

ಅವಳು ಕಂಡುಕೊಂಡಿದ್ದ ಗಾಡಿ ಸವಡಿಯಲ್ಲಿತ್ತು. ಗಿಡ್ಡ ಮೂತಿ, ಎತ್ತರದ ಮಾಳಿಗೆ, ನೆಟ್ಟಗಿನ ಬೆನ್ನು. ಬಿಸ್ಕಿಟಿನ ಡಬ್ಬಿಗೆ ಗಾಲಿ ಹಚ್ಚಿದಂತಹ ರೂಪ. ಕಂಪನಿಯವರು ಇದನ್ನು ಯುವಕರ ಗಾಡಿಯೆಂದು ಜಾಹೀರಾತು ಮಾಡಿ ಮಾರಿದ್ದರು. ಏಳು ವರ್ಷ ಹಳೆಯದು, ಒಬ್ಬನೇ ಮಾಲೀಕ. ಬೆಲೆ ಮಾತ್ರ ಅನುಮಾನ ಹುಟ್ಟಿಸುವಷ್ಟು ಕಡಿಮೆ.

ಬಸ್ಸಿನಲ್ಲಿ ರೋಣಕ್ಕೆ ಹೋಗಿ ಇಳಿದೆ. ರೇಣುಕಾ ಸ್ಕೂಟರ್ ತಂದಿದ್ದಳು. ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ಸವಡಿಯಲ್ಲಿ ಗಾಡಿ ಮಾರುವವರ ಮನೆಯ ದಾರಿ ಕೇಳಿದಾಗ, ಚಹಾದವನು ಬೆಲೆಯ ಕಾರಣವನ್ನೂ ಹೇಳಿದ.

"ಆ ಡಬ್ಬಿ ಗಾಡಿ ಏನ್ರಿ? ಅದು ಮುಳುಗಿದ್ದೈತ್ರಿ. ಮಲಪ್ರಭಾ ಹೊಳಿ ಉಕ್ಕಿದಾಗ ನೀರಾಗ ನಿಂತಿತ್ತು. ದೊಡ್ಡ ಮಿಸ್ತ್ರಿ ಒಬ್ಬಾಂವ ಹೇಳ್ಯಾನಂತ."

"ಯಾವ ಮಿಸ್ತ್ರಿ?"

"ಹೆಸರ ಗೊತ್ತಿಲ್ರಿ ಅಜ್ಜಾರ. ಆದ್ರ ಭಾಳ ತಿಳದಾಂವ ಅಂತ."

"ಅಷ್ಟ ತಿಳದಾಂವ ಗಾಡಿ ತಳಕ್ಕ ಮಲಗಿ ನೋಡಿದ್ನೇನು?"

"ಅದನ್ನ ಆ ಮಿಸ್ತ್ರಿನ್ನ ಕೇಳ್ರಿ, ನಾ ಚಹಾ ಮಾರಾಂವ."

ರೇಣುಕಾಳ ಮುಖ ಇಳಿದಿತ್ತು. ನೆರೆಯಲ್ಲಿ ಮುಳುಗಿದ ಗಾಡಿ ಎಂದರೆ ಏನೆಂದು ಅವಳಿಗೂ ಗೊತ್ತು. ಕೆಸರು ನೀರು ವೈರುಗಳ ಸಂದಿಗೆ ಸೇರಿದರೆ ಇಂದು ಓಡಿದ ಗಾಡಿ ಆರು ತಿಂಗಳ ನಂತರ ನಡುದಾರಿಯಲ್ಲಿ ನಿಲ್ಲುತ್ತದೆ. "ವಾಪಸ್ ಹೋಗೂಣ್ರಿ ಕಾಕಾರ, ದಿನಾ ಕಮ್ಮಿ ಅದಾವ," ಎಂದಳು. ಚಹಾದಂಗಡಿಯಲ್ಲಿ ಗಾಡಿಯ ತಪಾಸಣೆ ಆಗುವುದಿಲ್ಲವೆಂದು ಹೇಳಿ, ಜಾಕಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಹಿಂದೆ ಕುಳಿತೆ.

ಸವಡಿಯಲ್ಲಿ ಮಾಲೀಕ ವೀರಪ್ಪ ಬಾಗಿಲಿಗೇ ಬಂದು ಬರಮಾಡಿಕೊಂಡರು. ನಾನು ಹೆಸರು ಹೇಳಿ ನಾಲ್ಕು ಮಾತನಾಡಿದಾಗ ನನ್ನನ್ನು ಒಂದು ಬಗೆಯಾಗಿ ನೋಡಿದರು. ನೆರೆಯ ಮಾತು ಕೇಳಿದಾಗ, "ಹೊಳಿ ಬಂದಾಗ ಗಾಡಿ ನಮ್ಮ ಬೀಗರ ಊರಾಗಿತ್ತು, ಖರೇ. ದಿಬ್ಬದ ಮ್ಯಾಲೆ ನಿಂತಿತ್ತು. ಹೇಳಿದ್ರ ಯಾರೂ ನಂಬೂದಿಲ್ರಿ," ಎಂದಷ್ಟೇ ಹೇಳಿದರು. ಅವರ ತಾಯಿ ನೀಲವ್ವ, ಎಂಬತ್ತರ ಹತ್ತಿರದವರು, ಕಟ್ಟೆಯ ಮೇಲೆ ಮಂಡಿ ನೀವಿಕೊಳ್ಳುತ್ತ ಕುಳಿತಿದ್ದರು.

ಗಾಡಿಯ ಬಾಗಿಲು ತೆರೆದೊಡನೆ ಹಸಿ ಗೋಣಿಚೀಲದ ವಾಸನೆ ಬಂತು. ರೇಣುಕಾ ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಕೆಲಸ ಆರಂಭಿಸಿದೆ.

ಮುಳುಗಿದ ಗಾಡಿಯನ್ನು ಎಷ್ಟು ತೊಳೆದರೂ ಕೆಲವು ಜಾಗಗಳಿಗೆ ಕೈ ಹೋಗುವುದಿಲ್ಲ, ನೋಡಬೇಕಾದುದು ಅಲ್ಲಿಯೇ. ಮೊದಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದೆ. ಸುರುಳಿಯ ಒಳಗಿರುವ ತುದಿಯಲ್ಲಿ ನೆರೆಯ ಮಣ್ಣು ಗೆರೆ ಬಿಟ್ಟಿರುತ್ತದೆ. ಇಲ್ಲಿ ಪಟ್ಟಿ ಹೊಸದರಂತಿತ್ತು. ಹೆಡ್‌ಲ್ಯಾಂಪಿನ ಗಾಜಿನೊಳಗೆ ಕೆಸರಿನ ಕಲೆಯಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯ ತಾಮ್ರದ ಮೇಲೆ ಹಸಿರು ಕಿಲುಬಿಲ್ಲ. ಏರ್ ಫಿಲ್ಟರಿನ ಕಾಗದ ಸೊಟ್ಟಗಾಗಿಲ್ಲ. ಹಿಂದಿನ ಹಲಗೆ ಎತ್ತಿದರೆ, ಸ್ಟೆಪ್ನಿ ಇಡುವ ತಗ್ಗಿನಲ್ಲಿ ಎರೆಹೊಲದ ಒಣ ಹುಡಿ, ನಾಲ್ಕು ಶೇಂಗಾ ಸಿಪ್ಪೆ. ನೆರೆ ಬಂದಿದ್ದರೆ ಮೊದಲು ತುಂಬುವ ಜಾಗವೇ ಅದು.

ನಾನು ಗಾಡಿಯ ಕೆಳಗಿನಿಂದ ಹೊರಬರುವಾಗ ನೀಲವ್ವನ ಮಾತು ಕೇಳಿಸಿತು: "ಏನೋ ಮಿಸ್ತ್ರಿ, ಕನ್ಯಾ ನೋಡಾಕ ಬಂದವರು ಸೈತ ಇಷ್ಟ ನೋಡೂದಿಲ್ಲ!"

"ವರಾ ನೋಡಾಕ ಬಂದೇನಿ ಅಂತ ತಿಳೀರಿ ಯವ್ವಾ. ವರಕ್ಕ ಸೊಲ್ಪ ಹೆಚ್ಚಿಗಿನ ನೋಡಬೇಕಾಕ್ಕೈತಿ."

ಹಾಗಾದರೆ ವಾಸನೆ ಎಲ್ಲಿಂದ? ಎಡಗಡೆಯ ಸೀಟಿನ ಬೋಲ್ಟ್ ಬಿಚ್ಚಿಸಿ ನೆಲದ ಕಾರ್ಪೆಟ್ ಎತ್ತಿಸಿದೆ. ಅಡಿಯ ಫೋಮ್ ಹಿಂಡಿದರೆ ನೀರು ಬರುವಂತಿತ್ತು. ನೆಲದ ತಗಡಿಗೆ ಅಂಗೈಯಗಲದ ತುಕ್ಕು. ರೇಣುಕಾ, "ಇನ್ನೇನ ಉಳೀತ್ರಿ?" ಎಂದಳು. ಆದರೆ ನಿಂತ ನೀರು ಗಾಡಿಯ ಒಳಗೋಡೆಯ ಸುತ್ತ ಮಟ್ಟಸವಾದ ಗೆರೆ ಬಿಡುತ್ತದೆ. ಇಲ್ಲಿ ಅಂತಹ ಗೆರೆಯೇ ಇರಲಿಲ್ಲ. ಸೀಟಿನ ಕಾಲುಗಳ ಮೇಲೆ ತುಕ್ಕು ಮೇಲಿನಿಂದ ಕೆಳಗೆ ಎಳೆಎಳೆಯಾಗಿ ಇಳಿದಿತ್ತು. ನೀರು ಕೆಳಗಿನಿಂದ ಏರಿರಲಿಲ್ಲ. ಯಾರೋ ಮೇಲಿನಿಂದ ಸುರಿದಿದ್ದರು. ಫೋಮಿನ ಅಂಚು ಕೆಂಪು, ಅದರಾಚೆ ಹಳದಿ. ಸೀಟಿನ ಹಳಿಯ ಸಂದಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು. ಯಾವ ಹೊಳೆಯೂ ಕುಂಕುಮ, ಅರಿಶಿಣ, ಚೆಂಡುಹೂವು ಹೊತ್ತುಕೊಂಡು ಒಂದೇ ಗಾಡಿಯೊಳಗೆ ಬರುವುದಿಲ್ಲ.

"ಯವ್ವಾ, ಮಾನಮಿ ಹಬ್ಬಕ್ಕ ಈ ಗಾಡಿ ತೊಳಿಯೂದು ಯಾರು?" ಎಂದು ಕೇಳಿದೆ.

"ಯಾರ ತೊಳೀತಾರ? ನಾನ ನಿಂತು ತೊಳಸತೇನಿ," ಎಂದರು ನೀಲವ್ವ ಹೆಮ್ಮೆಯಿಂದ. "ಪಂಪ್‌ಸೆಟ್ಟಿನ ಪೈಪ್ ಅಂಗಳಕ್ಕ ಬಂದು ಮೂರು ಮಾನಮಿ ಆತು. ಟ್ರ್ಯಾಕ್ಟರ್ ತೊಳದಂಗ ಒಳಗ ಹೊರಗ ಜಳಜಳ ತೊಳಸೂದು. ಹೊಲಸ ಇದ್ದಲ್ಲಿ ಲಕ್ಷ್ಮಿ ಬಂದ ಕುಂಡ್ರತಾಳೇನು?"

ವೀರಪ್ಪ ತಲೆಗೆ ಕೈಯಿಟ್ಟುಕೊಂಡರು. ಮಹಾನವಮಿಯ ಆಯುಧಪೂಜೆಯ ದಿನ ಬೆಳಿಗ್ಗೆ ಅವರು ಪೂಜೆಯ ಹೂವಿಗೆಂದು ಹೊಲಕ್ಕೆ ಹೋಗಿರುತ್ತಿದ್ದರು. ಬರುವಷ್ಟರಲ್ಲಿ ಗಾಡಿ ಫಳಫಳ ಹೊಳೆಯುತ್ತಿತ್ತು. ನಲವತ್ತು ವರ್ಷ ಟ್ರ್ಯಾಕ್ಟರನ್ನೇ ಪೂಜಿಸಿದ ಮನೆ ಅದು. ಟ್ರ್ಯಾಕ್ಟರಿಗೆ ಒಳಗು ಎಂಬುದಿಲ್ಲ. ಸುರಿದ ನೀರು ಸುರಿದಂತೆ ನೆಲ ಸೇರುತ್ತದೆ. ಕಾರಿಗೆ ಕಾರ್ಪೆಟ್ ಇದೆ, ಅದರಡಿ ಫೋಮ್ ಇದೆ, ಅದು ನೀರನ್ನು ಬಿಡುವುದಿಲ್ಲ. ಇದನ್ನು ಆ ಹಿರಿಯ ಜೀವಕ್ಕೆ ಯಾರೂ ಹೇಳಿರಲಿಲ್ಲ.

ಸೀಟಿನ ಕೆಳಗಿನ ಏರ್‌ಬ್ಯಾಗ್ ಕನೆಕ್ಟರಿಗೆ ತೇವ ತಾಗಿತ್ತು. ಅದನ್ನು ಬಿಚ್ಚಿ ಒಣಗಿಸಿ ಕೂಡಿಸಿ, ಸ್ಕ್ಯಾನರ್ ಹಚ್ಚಿ ನೋಡಿದೆ. ಅದು ತೋರಿಸಿದ ದೋಷ ಅಳಿಸಿದ ಮೇಲೆ ಮರಳಿ ಬರಲಿಲ್ಲ. ಸೀಟು ಕೂಡಿಸಿ ಓಡಿಸಿ ನೋಡಲು ಹೊರಟೆವು. ನೀಲವ್ವ ತಾವೂ ಬರುತ್ತೇನೆಂದರು. ಬಗ್ಗದೆ, ಏರದೆ, ತಿರುಗಿ ನೇರವಾಗಿ ಸೀಟಿನ ಮೇಲೆ ಕುಳಿತರು. "ಕುರ್ಚಿ ಮ್ಯಾಲ ಕುಂತಂಗ ಆಕ್ಕೈತಿ. ಅದಕ್ಕ ಮಾರಬ್ಯಾಡ ಅಂದಿದ್ನಿ, ಇಂವ ಕೇಳಿಲ್ಲ." ಯುವಕರ ಗಾಡಿ ಎಂಬ ಕಂಪನಿಯ ಮಾತೂ ಅಲ್ಲಿಗೆ ಮುಗಿಯಿತು. ಈ ಡಬ್ಬಿಯ ಎತ್ತರ ಒದಗುವುದು ಮಂಡಿ ಸೋತವರಿಗೆ, ಮತ್ತು ಮಂಡಿ ಸೋತವರ ಬಳಿಗೆ ಹೋಗಬೇಕಾದವರಿಗೆ.

ಗಜೇಂದ್ರಗಡದ ಗುಡ್ಡದ ಏರಿನಲ್ಲಿ, ಗಾಳಿಯಂತ್ರಗಳು ತಿರುಗುವಲ್ಲಿ, ಅಡ್ಡಗಾಳಿ ಗಾಡಿಯನ್ನು ಒಂದು ಗೇಣು ಬದಿಗೆ ತಳ್ಳಿತು. ಅದು ರೋಗವಲ್ಲ, ಡಬ್ಬಿಯ ಆಕಾರದ ಗುಣ. ಅಲ್ಲಿ ವೇಗ ಇಳಿಸಬೇಕೆಂದು ರೇಣುಕಾಳಿಗೆ ತಿಳಿಸಿದೆ. ಕ್ಲಚ್ ಜಾರಲಿಲ್ಲ, ಎಂಜಿನ್ ಬಿಸಿಯಾಗಲಿಲ್ಲ. ಮುಂದಿನ ಎರಡು ಟೈರ್ ಮತ್ತು ಸಸ್ಪೆನ್ಷನ್ನಿನ ರಬ್ಬರ್ ಬುಶ್ ಬದಲಾಗಬೇಕಿತ್ತು. ಹಿಂದಿನ ಸೀಟು ಮಡಚಿ ಹುರಿ ಹಿಡಿದಾಗ ಮೂರೂ ಗಂಟು ಒಳಗೆ ಕುಳಿತವು.

ಸವಡಿಗೆ ಮರಳಿದ ಮೇಲೆ, ವರದಿಯ ಪುಸ್ತಕ ತೆರೆದು ವೀರಪ್ಪನವರನ್ನು ಕೇಳಿದೆ: "ಮುಳುಗೇತಿ ಅಂತ ಮೊದಲ ಅಂದಾಂವ ಯಾರ್ರಿ? ಅಂವನ್ನೂ ಇದರಾಗ ಬರೀತೇನಿ."

ಅವರು ನೆಲ ನೋಡುತ್ತ ಹೇಳಿದರು. "ಬಿಡ್ರಿ... ಕೇಳೇಬಿಟ್ರಿ ಅಂತ ಹೇಳತೇನಿ. ಹೋದ ದೀಪಾವಳಿಗೆ ನರಗುಂದದಿಂದ ಒಬ್ಬ ದಲಾಲಿ ಬಂದಿದ್ದ. ಇಲ್ಲೇ ನಿಂತು ಯಾರಿಗೋ ಫೋನ್ ಹಚ್ಚಿ ಸ್ಪೀಕರ್ ಮ್ಯಾಲೆ ಇಟ್ಟ. ಆ ದನಿ, ಇವತ್ತ ನೀವು ಬಾಗಲದಾಗ ಮಾತಾಡಿದ ಕೂಡ್ಲೆ ಗುರುತ ಹತ್ತಿತ್ರಿ."

ನನಗೂ ನೆನಪಾಯಿತು. ಊಟಕ್ಕೆ ಕುಳಿತಿದ್ದೆ. ಆ ಕಡೆಯಿಂದ ದಲಾಲಿ ಹೇಳಿದ್ದ: ಒಳಗೆ ವಾಸನೆ, ತಳಕ್ಕೆ ತುಕ್ಕು, ಹೊಳೆ ಬಂದಾಗ ಹೊಳೆದಂಡೆಯ ಊರಿನಲ್ಲಿತ್ತಂತೆ. ರೊಟ್ಟಿ ಮುರಿಯುತ್ತಲೇ, "ಹಂಗಿದ್ರ ಮುಳುಗಿದ ಗಾಡಿನ ಇರಬೇಕು, ಬಿಡು," ಎಂದಿದ್ದೆ. ಅಷ್ಟೇ. 'ಇರಬೇಕು' ಎಂಬುದು ದಾರಿಯಲ್ಲಿ ಉದುರಿ, 'ಮುಳುಗಿದ ಗಾಡಿ' ಮಾತ್ರ ರೋಣದವರೆಗೆ ಬಂದಿತ್ತು. ಮುಂಜಾನೆ ಚಹಾದಂಗಡಿಯಲ್ಲಿ ನಾನು ಹಂಗಿಸಿದ್ದು ನನ್ನನ್ನೇ. ಆರು ತಿಂಗಳಿಂದ ವೀರಪ್ಪ ಸುಳ್ಳುಗಾರನೆನಿಸಿಕೊಂಡಿದ್ದಕ್ಕೆ ನಾನೇ ಹೊಣೆಗಾರ.

ರೇಣುಕಾ ನನ್ನನ್ನು ಬೇವಿನ ಮರದ ಕೆಳಗೆ ಕರೆದೊಯ್ದಳು. "ಕಾಕಾರ, ಗಾಡಿ ಚಲೋ ಐತಿ ಅಂತ ಈಗ ಬರದ ಕೊಟ್ರ ಅವರು ರೇಟ್ ಏರಸ್ತಾರ. ಮುಳುಗಿದ ರೇಟ್ ಅಷ್ಟ ನನ್ನ ಕಡೆ ಐತಿ. ವ್ಯಾಪಾರ ಆಗ್ಲಿ, ಆಮ್ಯಾಲ ಹೇಳ್ರಿ. ಸುಳ್ಳ ಹೇಳ್ರಿ ಅನ್ನಾಕತ್ತಿಲ್ಲ, ಒಂದ ತಾಸ ಸುಮ್ನ ಇರ್ರಿ."

ಅವಳು ಕೇಳಿದ್ದರಲ್ಲಿ ತಪ್ಪು ಹುಡುಕಲಾರೆ. ಪುರ್ತಗೇರಿಯ ಆ ಕೈ ನನ್ನ ಕಣ್ಣ ಮುಂದೆಯೂ ಇತ್ತು. "ತಂಗೀ, ನೋಡದ ಒಂದ ಮಾತ ಆಡಿ ಇವರನ್ನ ಕೆಡಿಸೇನಿ. ನೋಡಿದ ಮ್ಯಾಲೂ ಸುಮ್ನ ಕುಂತ್ರ ಎರಡ ಸರ್ತಿ ಕೆಡಿಸಿದಂಗ ಆಕ್ಕೈತಿ," ಎಂದೆ. ಅವಳು ಹುರಿಯ ಗಂಟುಗಳನ್ನು ಬಿಚ್ಚತೊಡಗಿದಳು.

ಅಂಗಳಕ್ಕೆ ಬಂದು ಎಲ್ಲರ ಮುಂದೆ ವರದಿ ಓದಿದೆ. ಗಾಡಿ ಮುಳುಗಿಲ್ಲ, ಮುಳುಗಿದೆ ಎಂದವನು ನಾನು, ಅದನ್ನು ನೋಡದೆ ಹೇಳಿದ್ದೆ. ಸಹಿ ಮಾಡಿ ಒಂದು ಪ್ರತಿಯನ್ನು ವೀರಪ್ಪನವರ ಕೈಗಿಟ್ಟೆ. ಅವರು ಅದನ್ನು ಎರಡು ಬಾರಿ ಓದಿ, ಏನೋ ಹೇಳಲು ಬಾಯಿ ತೆರೆದರು.

ನೀಲವ್ವ ಅವರಿಗಿಂತ ಮೊದಲು ಮಾತನಾಡಿದರು. "ಇಕೀಗೆ ಒಂದ ರೇಟ್ ಹೇಳಿ ಅಂಗಳಕ್ಕ ಕರಸೀದಿ. ಈಗ ನಾಲಿಗಿ ಹೊಳ್ಳಸ್ತೀಯೇನು? ಪೈಪ್ ಹಿಡದಾಕಿ ನಾನು, ಬಾಯಿ ಬಿಟ್ಟಾಂವ ಈ ಮಿಸ್ತ್ರಿ. ನಮ್ಮಿಬ್ಬರ ತಪ್ಪಿಗೆ ಈ ಹುಡಿಗಿ ಯಾಕ ರೊಕ್ಕಾ ಕೊಡಬೇಕು?" ಆಮೇಲೆ ರೇಣುಕಾಳ ಕಡೆ ತಿರುಗಿ, "ಆದ್ರ ಪುಕ್ಕಟ ಅಲ್ಲವಾ. ವಾರಕ್ಕೊಮ್ಮೆ ಬಂದು ಈ ಮಂಡಿ ನೋಡಬೇಕು," ಎಂದರು.

"ಎರಡ ಸರ್ತಿ ಬರತೇನಿ ಅಜ್ಜಿ," ಎಂದಳು ರೇಣುಕಾ. ವೀರಪ್ಪ ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡು, "ನನಗ ಇಷ್ಟ ಸಾಕ್ರಿ," ಎಂದರು.

ಕಾರ್ಪೆಟ್, ಫೋಮ್ ತೆಗೆದು ಎಂಟು ದಿನ ಬಿಸಿಲಿಗೆ ಒಣಗಿಸಿದೆವು. ತುಕ್ಕು ಕೆರೆದು ಪ್ರೈಮರ್ ಬಳಿದು ಬಣ್ಣ ಹಚ್ಚಿಸಿದೆ. ಟೈರ್, ಬುಶ್ ಬದಲಾದವು. ಒಂದನೆಯ ತಾರೀಖಿಗೆ ಎರಡು ದಿನ ಮೊದಲೇ ಗಾಡಿ ಸಿದ್ಧವಾಗಿತ್ತು. ರೇಣುಕಾ ಮೊದಲ ಭೇಟಿಗೆ ಹೋಗಿದ್ದು ಪುರ್ತಗೇರಿಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ತಾಯಿ ಬಲಗೈಯಿಂದ ತಮ್ಮ ತಲೆ ತಾವೇ ಬಾಚಿಕೊಳ್ಳುತ್ತಿದ್ದರೆಂದು ಅವಳು ಫೋನ್ ಮಾಡಿ ತಿಳಿಸಿದಳು. ಆ ವರ್ಷದ ಮಾನಮಿಗೆ ಗಾಡಿಯನ್ನು ಸವಡಿಗೇ ಒಯ್ದಳು. ನೀಲವ್ವ ಪೈಪನ್ನು ಟ್ರ್ಯಾಕ್ಟರಿಗೆ ಬಿಟ್ಟು, ಡಬ್ಬಿ ಗಾಡಿಯ ಒಳಗನ್ನು ಹಿಂಡಿದ ಬಟ್ಟೆಯಿಂದ ಒರೆಸಿದರಂತೆ.

ಹೇಳಿದ ಮಾತನ್ನು ಹಿಂದಕ್ಕೆ ತರಲು ನಾನೂ ಓಡಾಡಿದೆ. ದಲಾಲಿಗೆ ಫೋನ್ ಮಾಡಿದೆ. ರೋಣದ ಚಹಾದಂಗಡಿಗೂ ಹೋಗಿ, "ಆ ದೊಡ್ಡ ಮಿಸ್ತ್ರಿ ನಾನ. ಗಾಡಿ ಮುಳುಗಿಲ್ಲ, ನಾ ತಪ್ಪ ಹೇಳಿದ್ನಿ," ಎಂದೆ. ಚಹಾದವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕ. "ಸುಮ್ನಿರ್ರಿ ಅಜ್ಜಾರ. ಅಂವ ಭಾಳ ತಿಳದಾಂವ ಅಂತ."

ಬೇರೆಯವರ ಮಾತನ್ನು ಅನುಮಾನಿಸಲು ನನಗೆ ಯಾರೂ ಕಲಿಸಬೇಕಿರಲಿಲ್ಲ. ನನ್ನ ಮಾತನ್ನು ಅನುಮಾನಿಸಲು ಕಲಿಸಿದ್ದು ಸವಡಿಯ ಆ ಅಂಗಳ. ಈಗಲೂ ವಾರಕ್ಕೆ ಎರಡು ಮೂರು ಫೋನ್ ಬರುತ್ತವೆ: ಹೊಗೆ ಬರುತ್ತಿದೆ, ಸದ್ದು ಬರುತ್ತಿದೆ, ಏನಿರಬಹುದು ಹೇಳಿರಿ ಎನ್ನುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡುತ್ತೇನೆ: "ಗಾಡಿ ತಂದು ನಿಲ್ಲಸ್ರಿ. ನೋಡೂತನಕ ನನಗ ಏನೂ ಗೊತ್ತಿಲ್ಲ."