ಸಾನ್ವಿ ರೈಲಿನಲ್ಲಿ ಮಾತಾಡಿದ್ದು

ಮಕ್ಕಳೇ, ಬೆಳಗಿನ ಚಳಿಯಲ್ಲಿ, ಮಂಜುಳತ್ತೆಯ ಮನೆಯಿರುವ ಕೆಲ್ಲಿವಿಲ್‌ನಿಂದ ಮೆಟ್ರೋ ಹಿಡಿದು ಸಿಡ್ನಿಯ ದೊಡ್ಡ ನಿಲ್ದಾಣಕ್ಕೆ ಬಂದೆವು. ಮೆಲ್ಬರ್ನ್‌ಗೆ ರೈಲಿನಲ್ಲಿ ಸುಮಾರು ಹನ್ನೊಂದು ಗಂಟೆಯ ದಾರಿ. ವಿಮಾನವಾದರೆ ಒಂದೂವರೆ ಗಂಟೆ ಸಾಕಂತೆ. ನಡುವಿನ ಊರುಗಳನ್ನು ನಾನು ನೋಡಲಿ ಎಂದು ನಿಮ್ಮ ಮಂಜುಳತ್ತೆ ರೈಲನ್ನೇ ಬುಕ್ ಮಾಡಿದ್ದಳು.

ಅವಳ ಒಂಬತ್ತು ವರ್ಷದ ಮಗಳು ಸಾನ್ವಿಗೆ ಶಾಲೆಯ ಕೆಲಸವೂ ಇತ್ತು. ಗುರುತಿಲ್ಲದ ಹಿರಿಯರೊಬ್ಬರನ್ನು ಅವರ ಬಾಲ್ಯದ ಊರು ಹೇಗಿತ್ತೆಂದು ಕೇಳಿ, ಸೋಮವಾರ ತರಗತಿಯ ಮುಂದೆ ಹೇಳಬೇಕು. ಹೋದ ಸಲ ಎದ್ದು ನಿಂತವಳು ಏನೂ ಹೇಳದೆ ಕೂತುಬಿಟ್ಟಿದ್ದಳಂತೆ. "ನಂಗ್ ಆಗಲ್ಲ ಅಮ್ಮ, ಪ್ಲೀಸ್," ಎಂದು ವಾರದಿಂದ ಅಳುತ್ತಿದ್ದಳು. ನಿಮ್ಮ ತಾತ ಇರುವವರೆಗೂ ಹೊರಗಿನವರ ಜೊತೆ ಮಾತೆಲ್ಲ ಅವರದೇ. ಇಂಥ ನಾನು ಅವಳಿಗೆ ಏನು ಹೇಳಿಕೊಡಲಿ?

ಗೋಲ್ಬರ್ನ್ ಎಂಬ ಊರು ದಾಟಿದ ಮೇಲೆ ಎರಡೂ ಕಡೆ ಮಾಸಿದ ಹುಲ್ಲು, ಕುರಿಗಳು. ಚಿತ್ರಾನ್ನದ ಡಬ್ಬಿ ತೆಗೆದೆ. ಸೀಟುಗಳ ನಡುವೆ ಓಡಾಡುವ ದಾರಿಯ ಆಚೆ ಬಿಳಿಗೂದಲಿನ ಹೆಂಗಸೊಬ್ಬರು ಒಬ್ಬರೇ ಕೂತಿದ್ದರು. ಅವರೆದುರು ನಾವಷ್ಟೇ ತಿನ್ನುವುದು ಹೇಗೆ? ಮುಚ್ಚಳಕ್ಕೆ ಒಂದಿಷ್ಟು ಹಾಕಿ, ಚಮಚ ಇಟ್ಟು, ಇಂಗ್ಲಿಷ್ ಬಾರದ ನಾನು ಸುಮ್ಮನೆ ಕೈ ಚಾಚಿದೆ.

"ಅಜ್ಜಿ, ಇಲ್ಲಿ ಯಾರೂ ಹಂಗೆ ಕೊಡಲ್ಲ," ಎಂದು ಸಾನ್ವಿ ನನ್ನ ಸೆರಗು ಎಳೆದಳು. ಅಷ್ಟರಲ್ಲಿ ಆಕೆ ನಗುತ್ತಾ ತೆಗೆದುಕೊಂಡು ಚಮಚ ಎತ್ತಿದ್ದರು. ಸಾನ್ವಿ ಥಟ್ಟನೆ ಎದ್ದು, "ವೆಯ್ಟ್, ಇಟ್ ಹ್ಯಾಸ್ ಪೀನಟ್ಸ್," ಎಂದು ಬೋಗಿಗೆಲ್ಲ ಕೇಳುವಂತೆ ಕೂಗಿದಳು. ಕಡಲೆಬೀಜ ಕೆಲವರ ಮೈಗೆ ಒಗ್ಗದೆ ಪ್ರಾಣಕ್ಕೇ ಅಪಾಯ ಬರುತ್ತದೆಂದು ಅವಳ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ನನಗದು ಹೊಳೆದಿರಲೇ ಇಲ್ಲ.

ಆಕೆ ಏನೋ ಹೇಳಿ ನಕ್ಕರು. "ಅವ್ರಿಗೆ ಏನೂ ಆಗಲ್ವಂತೆ ಅಜ್ಜಿ. ಅವ್ರ ಅಪ್ಪ ಪೀನಟ್ಸೇ ಬೆಳೀತಿದ್ರಂತೆ, ಕ್ವೀನ್ಸ್‌ಲ್ಯಾಂಡಲ್ಲಿ."

ನಾನು ಚಳ್ಳಕೆರೆಯ ಕಡಲೆಕಾಯಿ ಹೊಲದಲ್ಲಿ ಬೆಳೆದವಳು, ಸುಮ್ಮನಿರಲಾಗಲಿಲ್ಲ. "ಗಿಡ ಕೀಳೋಕೆ ಮಕ್ಕಳನ್ನೂ ಕರೀತಿದ್ರಾ, ಕೇಳು ಪುಟ್ಟಿ."

ಸಾನ್ವಿ ಕೇಳಿದಳು. "ಮೆಷಿನ್ ಕೀಳ್ತಿತ್ತಂತೆ. ಮಣ್ಣಲ್ಲಿ ಉಳಿದಿದ್ದನ್ನ ಇವ್ರು ಸ್ಕೂಲಿಂದ ಬಂದು ಆರಿಸ್ತಿದ್ರಂತೆ."

"ನಾವೂ ಆರಿಸ್ತಿದ್ವಿ ಅನ್ನು, ಲಂಗದ ಮಡಿಲಿಗೆ."

"ಕದ್ದು ತಿಂತಿದ್ರಾ ಅಂತ ಕೇಳ್ತಿದಾರೆ."

"ತಿನ್ನದೆ ಬಿಡ್ತೀವಾ? ಅವರೂ ತಿಂದಿರ್ತಾರೆ, ಕೇಳು."

ಹೀಗೆ ಅವಳ ಬಾಯಲ್ಲಿ ನಮ್ಮಿಬ್ಬರ ಮಾತು ಬಹಳ ದೂರ ಸಾಗಿತು. ಮಂಜುಳ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿ ಕೂತಿದ್ದಳು, ತುಟಿಯಲ್ಲಿ ನಗುವಿತ್ತು.

ಮೆಲ್ಬರ್ನ್‌ನಲ್ಲಿ ಎರಡು ದಿನವೂ ಜಿಟಿಜಿಟಿ ಮಳೆ. ಟ್ರಾಮ್‌ನಲ್ಲಿ ಪೇಟೆ ಸುತ್ತಿದೆವು, ನದಿಯ ದಡದಲ್ಲಿ ಕೊಡೆ ಹಿಡಿದು ಬಿಸಿ ಚಿಪ್ಸ್ ತಿಂದೆವು. ಭಾನುವಾರ ವಿಮಾನದಲ್ಲಿ ಸಿಡ್ನಿಗೆ ವಾಪಸಾದೆವು. ಶಾಲೆಯ ಮಾತನ್ನು ಯಾರೂ ಎತ್ತಲಿಲ್ಲ.

ಸೋಮವಾರ ಮಧ್ಯಾಹ್ನ ಸಾನ್ವಿ ಬ್ಯಾಗನ್ನೂ ಇಳಿಸದೆ ನೇರ ನನ್ನ ಬಳಿ ಬಂದಳು.

"ಅಜ್ಜಿ, ಪೀನಟ್ ಹೂವು ಮೇಲೆ ಬಿಟ್ರೆ ಕಾಯಿ ಹೆಂಗೆ ಮಣ್ಣೊಳಗೆ ಹೋಗತ್ತೆ? ಕ್ಲಾಸಲ್ಲಿ ನಾನು ಹೇಳಿ ಮುಗಿಸಿದ್ಮೇಲೆ ಎಮಿಲಿ ಕೇಳಿದ್ಲು. ಅಜ್ಜೀನ ಕೇಳಿ ನಾಳೆ ಎಲ್ರಿಗೂ ಹೇಳ್ತೀನಿ ಅಂದ್ಬಿಟ್ಟಿದೀನಿ."