ಟಿಕ್ ಹಾಕಿದ ಕೈ

ಹುಡುಗಿ ತಲೆ ಮುಂದಾಗಿ ಹೋಗಿ ಐಸ್ ರಿಂಕಿನ ಅಂಚಿನ ಗೋಡೆಗೆ ಬಡಿದಳು. ಬಿದ್ದವಳು ಅಲುಗಲಿಲ್ಲ. ಆಗ ನಾನೇನು ಮಾಡಿದೆ ಗೊತ್ತೇ? ಅವಳ ನಂಬರಿನ ಮುಂದೆ ಒಂದು ಟಿಕ್ ಹಾಕಿದೆ.

ಬೇಕೆಂದು ಹಾಕಿದ್ದಲ್ಲ. ಚೆಂಡು (ಚೆಂಡಲ್ಲ, ಪಕ್ ಎನ್ನುವ ರಬ್ಬರ್ ಬಿಲ್ಲೆ) ಗೋಲಿನತ್ತ ನೇರ ಹೋಗಿತ್ತು. ಹಾಗೆ ಹೋದರೆ ಟಿಕ್ ಹಾಕುವುದು ನನ್ನ ಕೆಲಸ. ಕೈ ತನ್ನ ಕೆಲಸ ಮುಗಿಸಿದ ಮೇಲೆ ಕಣ್ಣಿಗೆ ಹುಡುಗಿ ಕಂಡಳು. ಒಂಬತ್ತು ದಿನವಾಯಿತು. ಟ್ಯೂಬ್ ರೈಲಿನಲ್ಲಿ, ಆಫೀಸಿನ ಲಿಫ್ಟಿನಲ್ಲಿ, ಒಗ್ಗರಣೆ ಹಾಕುವಾಗ ಆ ಸದ್ದು ಕೇಳುತ್ತದೆ. ದಪ್ಪ ಬಾಗಿಲು ಗಾಳಿಗೆ ಬಡಿದುಕೊಂಡ ಹಾಗೆ.

ಐಸ್ ಹಾಕಿಗೂ ನನಗೂ ಏನು ಸಂಬಂಧ ಎನ್ನುತ್ತೀರಾ? ಮಗಳು ಎರಡು ವರ್ಷ ಆಡಿ ಬಿಟ್ಟಳು. ವಾಲಂಟಿಯರ್ ಪಟ್ಟಿಯಲ್ಲಿ ನನ್ನ ಹೆಸರು ಉಳಿಯಿತು. ಆಫೀಸಿನಲ್ಲಿ ನಾನು ಡೇಟಾ ನೋಡುವವಳು ಎಂದು ಗೊತ್ತಾದದ್ದೇ ತಡ, ಕೋಚ್ ಹೆಲೆನ್ ಕೈಗೊಂದು ಕ್ಲಿಪ್‌ಬೋರ್ಡ್ ಕೊಟ್ಟರು. ಹದಿನಾಲ್ಕರ ಒಳಗಿನ ಹುಡುಗಿಯರ ಟ್ರಯಲ್. ಮುಂದೆ ಯಾರು ಗೋಲು ಹೊಡೆಯಬಲ್ಲರು ಎಂದು ಅಳೆದು ತಂಡಕ್ಕೆ ಆರಿಸಬೇಕು.

ಆಯ್ಕೆಯಾಗಲೇಬೇಕೆಂದು ಬಂದವಳು ಇಲ್ಲಿನ ಹೌನ್ಸ್ಲೋ ಬಡಾವಣೆಯ ಸ್ಫೂರ್ತಿ. ಹದಿಮೂರು ವರ್ಷ. ಅಪ್ಪ ಬಸವರಾಜ ಧಾರವಾಡದವರು, ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಕೆಲಸ. ಹೋದ ವರ್ಷ ಅವಳನ್ನು ಆರಿಸಿರಲಿಲ್ಲ. ಈ ಸಲವೂ ಆಗದಿದ್ದರೆ ಆಟವನ್ನೇ ಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿದ್ದಳಂತೆ.

ಟ್ರಯಲ್ ಶುರುವಾಗುವ ಮುಂಚೆ ಕಾಫಿ ಮೆಷೀನಿನ ಹತ್ತಿರ ಬಸವರಾಜ ನನ್ನನ್ನು ಹಿಡಿದರು.

"ಅಕ್ಕಾರ, ಏನೇನ್ ನೋಡ್ತಾರ್ರೀ? ಒಂದೀಟ ಹಿಂಟ್ ಕೊಡ್ರಿ."

"ಹಿಂಟ್ ಏನ್ ಬಂತು? ಇದೇನು ಪಿಯುಸಿ ಪರೀಕ್ಷೆನಾ?"

"ಅದರಪ್ಪ ಐತ್ರಿ ಇದು."

ನಕ್ಕೆ. ನಕ್ಕು ಹೇಳಿಯೂಬಿಟ್ಟೆ. ನನ್ನ ಶೀಟಿನಲ್ಲಿ ಶಾಟ್‌ಗೆ ಕಾಲಂ ಇದೆ, ಗೋಲಿಗೆ ಇದೆ, ಬೇರೆಯವರಿಗೆ ಪಾಸ್ ಕೊಟ್ಟದ್ದಕ್ಕೆ ಇಲ್ಲ ಎಂದು.

ಪರೀಕ್ಷೆಯ ಹಿಂದಿನ ದಿನ ಯಾವುದೋ ಟ್ಯೂಷನ್ ಮೇಷ್ಟ್ರ 'ಇಂಪಾರ್ಟೆಂಟ್ ಕ್ವೆಶ್ಚನ್ಸ್' ಓದಿ ದಡ ಸೇರಿದವರಲ್ಲವೇ ನಾವೆಲ್ಲ? ಬರುವುದನ್ನಷ್ಟೇ ಓದು, ಉಳಿದ ಪಾಠ ಬಿಡು. ನಾನು ಕೊಟ್ಟದ್ದೂ ಅದನ್ನೇ. ಉಪಕಾರವೆಂದೇ ಕೊಟ್ಟೆ.

ಬಸವರಾಜ ಮಗಳನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನಗೂ ಕೇಳಿಸಿತು. "ಇವತ್ತ ಯಾರಿಗೂ ಕೊಡಬ್ಯಾಡವಾ. ನೀನ ಹೊಡಿ."

"ಬಟ್ ಅಪ್ಪಾ, ಐ ಆಲ್ವೇಸ್ ಪಾಸ್."

"ಅದಕ್ಕ ಹೋದ ವರ್ಷ ಮನ್ಯಾಗ ಕುಂತಿ."

ಹೇಳಿದ ಹಾಗೇ ಆಡಿದಳು. ನಾಲ್ಕು ಟಿಕ್. ಐದನೆಯದಕ್ಕೆ ಇಬ್ಬರು ಎದುರಾಳಿಗಳ ನಡುವೆ ನುಗ್ಗಿ ಹೊಡೆದಳು. ಅದೇ ವೇಗದಲ್ಲಿ ಒಬ್ಬಳ ಸ್ಟಿಕ್ಕಿಗೆ ಕಾಲು ಸಿಕ್ಕಿತು. ಆಮೇಲೆ ಆ ಸದ್ದು.

"ಯಾರೂ ಮುಟ್ಟಬೇಡಿ" ಎಂದರು ಹೆಲೆನ್. ಬಸವರಾಜ ಬೂಟುಗಾಲಲ್ಲೇ ಐಸಿಗಿಳಿದು, ಎರಡು ಸಲ ಜಾರಿ ಬಿದ್ದು, ಕೊನೆಗೆ ಮಂಡಿಯ ಮೇಲೆ ತೆವಳಿಕೊಂಡು ಹೋದರು. ಮುಟ್ಟಲಿಲ್ಲ. ಐಸಿಗೆ ಕೆನ್ನೆ ಹಚ್ಚಿ, ಅವಳ ಹೆಲ್ಮೆಟ್ಟಿನ ಜಾಲರಿಯೊಳಗೆ ನೋಡುತ್ತಾ, "ಪುಟ್ಟಿ, ಅಪ್ಪ ಅದೀನಿ, ಇಲ್ಲೇ ಅದೀನಿ" ಎನ್ನುತ್ತಿದ್ದರು. ಅವಳು ಬೆರಳು ಅಲುಗಿಸಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ನನಗೆ ಅದು ಇನ್ನೂ ಮುಗಿದಿಲ್ಲ.

ಕುತ್ತಿಗೆ ಉಳಿಯಿತು. ಕಾಲರ್ ಬೋನ್ ಮುರಿದಿದೆ, ತಲೆಗೂ ಪೆಟ್ಟು. ಮೂರು ತಿಂಗಳು ರಿಂಕಿನ ಕಡೆ ಸುಳಿಯುವಂತಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಹೆಲೆನ್ ಮುಂದೆ ತಪ್ಪೊಪ್ಪಿಕೊಂಡೆ. ಬೈಯಲಿಲ್ಲ. (ಬೈದಿದ್ದರೆ ಚೆನ್ನಾಗಿತ್ತು.) "ಈ ವಯಸ್ಸಿನಲ್ಲಿ ಹೆಚ್ಚು ಗೋಲು ಹೊಡೆಯುವವರು ಬೇಗ ಬೆಳೆದವರು, ಅಷ್ಟೇ. ಮೂರು ವರ್ಷದಲ್ಲಿ ಎಲ್ಲರೂ ಬೆಳೆದುಬಿಡುತ್ತಾರೆ. ಆಮೇಲೆ ಗೋಲು ಹೊಡೆಯುವುದು ಖಾಲಿ ಜಾಗ ಕಾಣುವ ಮಕ್ಕಳು. ಅದು ಟಿಕ್ ಹಾಕಿ ಎಣಿಸುವಂಥದ್ದಲ್ಲ, ಹಾಗಾಗಿ ಅದನ್ನು ನಾನೇ ನೋಡುತ್ತಿದ್ದೆ" ಎಂದರು. ಅಭ್ಯಾಸದ ಆಟಗಳಲ್ಲಿ ಸ್ಫೂರ್ತಿಯ ಪಾಸ್‌ಗಳನ್ನು ವಾರಗಳಿಂದ ಗಮನಿಸುತ್ತಿದ್ದರಂತೆ.

ತಂಡದ ಪಟ್ಟಿ ಮೊನ್ನೆ ಬಂತು. ಅವಳ ಹೆಸರಿಲ್ಲ. ಮೂಳೆ ಮುರಿದವಳನ್ನು ಹೇಗೆ ಹಾಕುತ್ತಾರೆ?

ಬಸವರಾಜರನ್ನು ಬೈಯಲು ನನಗೆ ಬಾಯಿಲ್ಲ. ಮಗಳು ಇನ್ನೊಂದು ವರ್ಷ ಅಳಬಾರದು ಎಂದು ಬಯಸಿದ ಅಪ್ಪ ಅವರು. ನಿನ್ನೆ ಅವರ ಫ್ಲಾಟಿಗೆ ಹೋದಾಗ ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟರು.

ಕೈಯನ್ನು ಜೋಲಿಯಲ್ಲಿಟ್ಟುಕೊಂಡು ಸೋಫಾದಲ್ಲಿದ್ದ ಸ್ಫೂರ್ತಿಯೇ ಮಾತು ತೆಗೆದಳು. "ಆಂಟಿ, ಆ ಲಾಸ್ಟ್ ಶಾಟ್... ಗ್ರೇಸ್ ವಾಸ್ ಫ್ರೀ ಆನ್ ದ ಲೆಫ್ಟ್. ಐ ಸಾ ಹರ್."

"ನಿನ್ನ ಕಡೆಯವಳೇ ಅಲ್ವಾ, ಮತ್ತೆ ಯಾಕೆ ಅವಳಿಗೆ ಕೊಡಲಿಲ್ಲ, ಪುಟ್ಟಿ?"

"ಇಟ್ ವುಡಂಟ್ ಕೌಂಟ್" ಎಂದಳು. ದೂರಿನ ದನಿಯಲ್ಲಲ್ಲ, ತನ್ನ ಪಾಠ ಒಪ್ಪಿಸುವ ಹಾಗೆ.

ಕಣ್ಣಿಗೆ ಕಂಡದ್ದನ್ನೂ ಬಿಟ್ಟುಬಿಡು ಎಂದು ಕಲಿಸಿದ ನಾವು, ಆ ಮಗುವಿಗೆ ಎಷ್ಟು ಆಟ ಬರುತ್ತದೆಂದು ಯಾವ ಮುಖ ಇಟ್ಟುಕೊಂಡು ಅಳೆಯುವುದು?